ಯಕೃತ್ತಿನ ಒತ್ತಡವೂ ಕರುಳಿನ ರಕ್ತನಾಳಗಳೂ



ನಾವು ಉಂಡ ಆಹಾರದ ಸಾರವು ಸಣ್ಣ ಕರುಳಿನಲ್ಲಿ ರಕ್ತವನ್ನು ಸೇರುತ್ತದೆ. ಆ ರಕ್ತವು ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತದೆ. ಯಕೃತ್ತಿಗೆ ದೊರೆಯುವ ರಕ್ತದ ಸುಮಾರು ಮುಕ್ಕಾಲು ಭಾಗವು ಈ ನಾಳದಿಂದಲೇ ಬರತಕ್ಕದ್ದು.

ಬಹುಕಾಲದ ಮದ್ಯಪಾನ, ‘ಬಿ’ ಮತ್ತು ‘ಸಿ’ ಹೆಪಟೈಟಿಸ್ ಸೋಂಕು, ಯಕೃತ್ತಿನಲ್ಲಿ ಕೊಬ್ಬಿನ ಶೇಖರಣೆ ಇವುಗಳಿಂದ ಯಕೃತ್ತು ಗಡುಸಾಗಿ ರಕ್ತದ ಹಾದಿ ಇಕ್ಕಟ್ಟಾಗಬಹುದು. ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ಗದ್ದೆಯಲ್ಲಿ ನೀರು ನಿಂತು ಬದು ಜಿನುಗುವುದನ್ನು ನೀವು ಕಂಡಿದ್ದೀರಿ. ಅದರಂತೆಯೇ ರಕ್ತವು ಹಿಂದೆ ತಡೆದು ನಿಂತು, ಸಣ್ಣ ಕರುಳಿನ ಅಭಿಧಮನಿಗಳೂ ಲೋಮನಾಳಗಳೂ ಹಿಗ್ಗುತ್ತವೆ. ಒಳಪದರವು ಬಾತುಕೊಂಡು ಅಲ್ಲಲ್ಲಿ ಕೆಂಪು ಚುಕ್ಕೆಗಳು ಮೂಡುತ್ತವೆ. ಕರುಳಿಗೆ ರಕ್ತ ತರುವ ನಾಳಗಳೂ ಅಗಲವಾಗುವುದರಿಂದ ಒಳಹರಿವು ಹೆಚ್ಚಿ, ಒತ್ತಡವು ಮತ್ತಷ್ಟು ಏರುತ್ತದೆ.

ಅನೇಕರಿಗೆ ಇದರಿಂದ ನೋವೇ ಇರುವುದಿಲ್ಲ. ಆದರೆ ರಕ್ತವು ಸ್ವಲ್ಪಸ್ವಲ್ಪವಾಗಿ ಜಿನುಗಿ ರಕ್ತಹೀನತೆ ಉಂಟಾಗಬಹುದು. ಅನ್ನನಾಳದಲ್ಲಿ ಉಬ್ಬಿದ ನಾಳವು ಒಡೆದರೆ ಒಮ್ಮೆಲೇ ರಕ್ತವಾಂತಿಯಾಗಿ ಪ್ರಾಣಾಪಾಯವೂ ಒದಗಬಹುದು. ಕಬ್ಬಿಣಾಂಶದ ಮಾತ್ರೆ ಸೇವಿಸುವವರ ಮಲವೂ ಕಪ್ಪಾಗುವುದುಂಟು. ಆದರೆ ಮಲವು ಡಾಂಬರಿನಂತೆ ಕಪ್ಪಾಗಿ ಜಿಗುಟಾಗಿದ್ದು ದುರ್ವಾಸನೆಯಿದ್ದರೆ, ರಕ್ತವಾಂತಿಯಾದರೆ, ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ಹೊಟ್ಟೆಯಲ್ಲಿ ನೀರು ತುಂಬಿದರೂ, ಕಣ್ಣು ಹಳದಿಯಾದರೂ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರನ್ನು ಕಾಣಿರಿ. ಒತ್ತಡವನ್ನು ತಗ್ಗಿಸುವ ಔಷಧಿಗಳಿವೆ. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗಬಾರದು.

ದಂಪತಿಗಳು ಗಮನಿಸಬೇಕಾದ ಅಂಶಗಳು:

1. ಮದ್ಯಪಾನವನ್ನು ಪೂರ್ಣವಾಗಿ ತ್ಯಜಿಸಿರಿ.

2. ಗರ್ಭಿಣಿಯು ‘ಬಿ’ ಹೆಪಟೈಟಿಸ್ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಹುಟ್ಟಿದ ಮಗುವಿಗೆ 24 ಗಂಟೆಗಳೊಳಗೆ ಇದರ ಲಸಿಕೆ ಹಾಕಿಸಿ, 6, 10 ಮತ್ತು 14ನೇ ವಾರಗಳ ಲಸಿಕೆಗಳನ್ನೂ ತಪ್ಪಿಸಬೇಡಿರಿ.

3. ಪತಿಪತ್ನಿಯರಲ್ಲಿ ಒಬ್ಬರಿಗೆ ಈ ಸೋಂಕಿದ್ದರೆ ಮತ್ತೊಬ್ಬರು ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಪಡೆಯಬೇಕು; ಅಲ್ಲಿಯವರೆಗೆ ನಿರೋಧ್ ಬಳಸುವುದು ಕ್ಷೇಮ.

4. ಯಕೃತ್ತಿನ ತೀವ್ರ ಕಾಯಿಲೆಯುಳ್ಳ ಸ್ತ್ರೀಯರಿಗೆ ಎರಡು ಹಾರ್ಮೋನುಗಳ ಗರ್ಭನಿರೋಧಕ ಮಾತ್ರೆ ಸಲ್ಲದು. ತಕ್ಕ ವಿಧಾನವನ್ನು ವೈದ್ಯರಿಂದ ತಿಳಿಯಿರಿ.

5. ಈ ಒತ್ತಡವಿರುವ ಸ್ತ್ರೀಯು ಗರ್ಭಧರಿಸಿದರೆ ರಕ್ತಸ್ರಾವದ ಭಯ ಹೆಚ್ಚು. ಆದ್ದರಿಂದ ಗರ್ಭಧಾರಣೆಗೆ ಮೊದಲೇ ಪರೀಕ್ಷೆ ಮಾಡಿಸಿ, ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು.

ಕಾಲುವೆಯ ಹೂಳನ್ನು ಮಳೆಗೆ ಮುನ್ನವೇ ತೆಗೆಯುವವನು ಜಾಣ ರೈತ. ಯಕೃತ್ತನ್ನು ರೋಗ ಬರುವ ಮುನ್ನವೇ ಕಾಯ್ದುಕೊಳ್ಳುವ ದಂಪತಿಗಳ ಸಂಸಾರವೂ ಅಂತೆಯೇ ಸುಭದ್ರ.