ಗಾಯಕ್ಕೆ ಹುಳ ಬಿದ್ದರೆ ಮುಚ್ಚಿಡಬೇಡಿ



ಅಮೆರಿಕದ ಕಡೆ "ಜೀವಂತ ಮಾಂಸ ತಿನ್ನುವ ಹುಳ" ಹಬ್ಬುತ್ತಿದೆ ಎಂಬ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಸುದ್ದಿ ಸುಳ್ಳಲ್ಲ. ಸ್ಕ್ರೂವರ್ಮ್ ಎಂಬ ಈ ಹುಳ ಒಂದು ಜಾತಿಯ ನೊಣದ ಮರಿ. 2023ರಲ್ಲಿ ಪನಾಮಾದಲ್ಲಿ ಹೆಚ್ಚಿ, ಉತ್ತರಕ್ಕೆ ಹಬ್ಬುತ್ತಾ 2024ರ ನವೆಂಬರಿನಲ್ಲಿ ಮೆಕ್ಸಿಕೊ ತಲುಪಿತು. ಅಲ್ಲಿಂದ ದನ ತರಿಸುವುದನ್ನೇ ಅಮೆರಿಕ ನಿಲ್ಲಿಸಿತು. 2025ರ ಆಗಸ್ಟಿನಲ್ಲಿ, ಎಲ್ ಸಾಲ್ವಡಾರ್‌ಗೆ ಹೋಗಿಬಂದ ಒಬ್ಬ ಅಮೆರಿಕನ್ನರಲ್ಲೂ ಈ ಹುಳ ಇರುವುದು ಖಚಿತವಾಯಿತು.

"ಸದ್ಯ, ನಮ್ಮ ದೇಶಕ್ಕೆ ಬಂದಿಲ್ಲ" ಎನ್ನುವವರಿಗೆ ಒಂದು ಮಾತು. ಆ ನೊಣ ಬಂದಿಲ್ಲ, ಸರಿ. ಆದರೆ ಅದೇ ಬುದ್ಧಿಯ ಇನ್ನೊಂದು ನೊಣ ನಮ್ಮಲ್ಲಿ ಮೊದಲಿನಿಂದಲೂ ಇದೆ. ಊರಲ್ಲಿ "ಎತ್ತಿನ ಗಾಯಕ್ಕೆ ಹುಳ ಬಿದ್ದಿದೆ" ಅನ್ನುವುದನ್ನು ಕೇಳಿದ್ದೀರಲ್ಲ, ಎಷ್ಟೋ ಸಲ ಅದು ಇದರದೇ ಕೆಲಸ.

ಬೇರೆ ಎಷ್ಟೋ ನೊಣಗಳ ಹುಳ ಕೊಳೆತ ಮಾಂಸ ತಿನ್ನುತ್ತವೆ. ಇದಕ್ಕೆ ಬೇಕಾಗುವುದು ಜೀವ ಇರುವ ಮಾಂಸ. ಹೆಣ್ಣು ನೊಣ ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಸುಮಾರು ಒಂದು ದಿನದಲ್ಲಿ ಮರಿಗಳು ಹೊರಬಂದು, ಸ್ಕ್ರೂ ತಿರುಗಿಸಿದ ಹಾಗೆ ಒಳಕ್ಕೆ ಕೊರೆಯುತ್ತವೆ. ವಾರದ ಹೊತ್ತಿಗೆ ಮಣ್ಣಿಗೆ ಬಿದ್ದು ಮತ್ತೆ ನೊಣವಾಗುತ್ತವೆ. ಅಷ್ಟರಲ್ಲಿ ಗಾಯದ ವಾಸನೆಗೆ ಬೇರೆ ನೊಣಗಳೂ ಬಂದಿರುತ್ತವೆ.

ಅಮೆರಿಕ ಇದನ್ನು ಹಿಂದೆ ಓಡಿಸಿದ್ದು ಹೇಗೆ ಗೊತ್ತೇ? ಹೆಣ್ಣು ನೊಣ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಕೂಡುತ್ತದೆ. ನಿಪ್ಲಿಂಗ್ ಮತ್ತು ಬುಶ್‌ಲ್ಯಾಂಡ್ ಎಂಬ ವಿಜ್ಞಾನಿಗಳು ಗಂಡು ನೊಣಗಳನ್ನು ವಿಕಿರಣದಿಂದ ಬಂಜೆ ಮಾಡಿ ಬಿಟ್ಟರು. 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಅದು ಫಲ ಕೊಟ್ಟಿತು. ಮದ್ದು ಸಿಂಪಡಿಸುವುದಕ್ಕಿಂತ ಎಷ್ಟು ಜಾಣ ಉಪಾಯ!

ಹೃದಯದ ಡಾಕ್ಟರಿಗೆ ನೊಣದ ಉಸಾಬರಿ ಯಾಕೆ ಅಂತೀರಾ? ನಮ್ಮ ರೋಗಿಗಳಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. ಕಾಲಿನ ರಕ್ತನಾಳ ಕಿರಿದಾಗಿರುತ್ತದೆ, ಪಾದಕ್ಕೆ ಸ್ಪರ್ಶ ಇರುವುದಿಲ್ಲ. ಕಲ್ಲು ಚುಚ್ಚಿದರೂ ಗೊತ್ತಾಗದು, ಹುಳ ಕೊರೆದರೂ ಗೊತ್ತಾಗದು. ಬೈಪಾಸ್ ಆದವರಿಗೆ ಕಾಲಿನಿಂದ ನಾಳ ತೆಗೆದ ಹೊಲಿಗೆ ಇರುತ್ತದೆ. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಸೋರುವ ಕಿವಿ ಮೂಗು, ಇವೂ ನೊಣಕ್ಕೆ ದಾರಿ.

ಇದಕ್ಕಿಂತ ದೊಡ್ಡ ತೊಂದರೆ ನಾಚಿಕೆ. "ನಿನ್ನ ಬಾಯಿಗೆ ಹುಳ ಬೀಳ" ಎಂದು ಶಾಪ ಹಾಕುವ ಜನ ನಾವು. ಹಾಗಾಗಿ ಹಿರಿಯರು ಇದನ್ನು ಪಾಪದ ಫಲ ಅಂದುಕೊಂಡು ಬಟ್ಟೆ ಸುತ್ತಿ ಮುಚ್ಚಿಡುತ್ತಾರೆ. ನೀವು ಪುಣೆಯಲ್ಲೋ ಚೆನ್ನೈಯಲ್ಲೋ ಇರುತ್ತೀರಿ, ವಿಡಿಯೋ ಕಾಲ್‌ನಲ್ಲಿ ಅವರ ಮುಖ ಮಾತ್ರ ಕಾಣುತ್ತದೆ. "ಅಪ್ಪಾ, ಪಾದ ತೋರಿಸಿ" ಅನ್ನಿ. ಅಂಗಾಲು, ಬೆರಳ ಸಂದಿ ಎರಡನ್ನೂ ನೋಡಿ. ಕಟ್ಟು ಇದ್ದರೆ ಯಾವಾಗ ಬಿಚ್ಚಿದ್ದು ಅಂತ ಕೇಳಿ. ವಾಸನೆ, ರಕ್ತ ಮಿಶ್ರಿತ ನೀರು, ಗಾಯದೊಳಗೆ ಏನೋ ಹರಿದಾಡಿದಂತೆ ಅನಿಸುವುದು, ಇಷ್ಟರಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಕಳಿಸಿ. ಮೂಗು, ಕಣ್ಣು, ಕಿವಿಯ ಹತ್ತಿರವಾದರೆ ಒಂದು ಗಂಟೆಯೂ ಕಾಯಬೇಡಿ.

ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆಯ ಪುಡಿ ಹಾಕಬೇಡಿ. ಅವು ಉಳಿದ ಒಳ್ಳೆಯ ಮಾಂಸವನ್ನೂ ಸುಡುತ್ತವೆ. ಚಿಮಟದಿಂದ ಎಳೆಯಲೂ ಹೋಗಬೇಡಿ. ಕೆಣಕಿದರೆ ಹುಳ ಇನ್ನೂ ಒಳಕ್ಕೆ ಹೋಗುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲುವುದೂ ಕಷ್ಟ. ಶುದ್ಧ ಬಟ್ಟೆ ಮುಚ್ಚಿ ಕರೆದೊಯ್ಯಿರಿ. ಡಾಕ್ಟರು ಒಂದೂ ಉಳಿಯದಂತೆ ತೆಗೆದು, ಗಾಯ ತೊಳೆದು, ಬೇಕಾದರೆ ಟಿಟಿ ಇಂಜೆಕ್ಷನ್ ಕೊಡುತ್ತಾರೆ. ಜೊತೆಗಿದ್ದವರಿಗೆ ಇದು ಅಂಟುವುದಿಲ್ಲ, ಆರೈಕೆ ಮಾಡುವವರು ಹೆದರಬೇಕಿಲ್ಲ.

ಊರಲ್ಲಿ ದನ ಇದ್ದರೆ ಹುಟ್ಟಿದ ಕರುವಿನ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಲು ಹೇಳಿ. ಮೂಗುದಾರದ ಗಾಯ, ನೊಗ ಉಜ್ಜಿದ ಹೆಗಲನ್ನೂ ದಿನಾ ನೋಡಲಿ. ಹುಳ ಕಂಡರೆ ಪಶುವೈದ್ಯರ ಸಂಚಾರಿ ವಾಹನಕ್ಕೆ 1962 ನಂಬರಿಗೆ ಫೋನ್ ಮಾಡಬಹುದು.