ತಟ್ಟೆ ನೋಡಬೇಡಿ

ನಮ್ಮ ಅರೇಹಳ್ಳಿ ಕಡೆ ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡುವುದಿಲ್ಲ. ಬಲವಂತ ಮಾಡದಿದ್ದರೆ ಉಪಚಾರ ಕಮ್ಮಿಯಾಯಿತು ಎಂದೇ ಲೆಕ್ಕ. ಇಂಥ ಊರಲ್ಲಿ ಊಟಕ್ಕೆ ಹೆದರುವ ಮಗಳನ್ನು ಬೆಳೆಸುತ್ತಿರುವವಳು ನಾನು.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವುದು ಅಂಥ ಮಕ್ಕಳಿಗೆ ಕಷ್ಟ. ಹಾಲು ಮೂಗಿನ ಪೈಪಿನಲ್ಲೇ ಹೋಯಿತು. ಪೈಪ್ ತೆಗೆದ ಮೇಲೆ ಚಮಚ ಕಂಡರೂ ಓಕರಿಕೆ. ಅತ್ತೆ ದೃಷ್ಟಿ ತೆಗೆದರು. ಅಕ್ಕಪಕ್ಕದವರು, "ಹಸಿದರೆ ತಾನೇ ತಿನ್ನುತ್ತೆ ಬಿಡು" ಎಂದರು. ಗಂಟೆಗಂಟೆಗೆ ಹೊಟ್ಟೆಗೆ ಹಾಲು ಬಿಡಿಸಿಕೊಂಡ ಮಗುವಿಗೆ ಹಸಿವಿನ ಪರಿಚಯವೇ ಇರುವುದಿಲ್ಲ.

1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿಗೆ, ಕಿವಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಮಾತಿಗೂ ನುಂಗುವುದಕ್ಕೂ ಬೇಕಾದದ್ದು ಅದೇ ನಾಲಿಗೆ, ಅದೇ ತುಟಿ ತಾನೇ? ಆದರೆ ನಮ್ಮೂರಿಂದ ಬೇಲೂರು, ಹಾಸನ, ಹೊಳೆನರಸೀಪುರ ದಾಟಿ ಹೋಗಿಬರುವುದಕ್ಕೇ ಒಂದು ದಿನ ಬೇಕು. ಕಾಫಿ ಕೊಯ್ಲಿನ ಕಾಲದಲ್ಲಂತೂ ಆಗದ ಮಾತು.

ಎಲ್ಲರೂ ಕೊಡಿ ಎನ್ನುವುದು ಅನ್ನ ಸಾರನ್ನೇ. ನೀರು, ಅಗುಳು, ತರಕಾರಿ ಚೂರು ಒಂದೇ ತುತ್ತಿನಲ್ಲಿ ಬರುವುದರಿಂದ ಇಂಥ ಮಕ್ಕಳಿಗೆ ಅದೇ ಹೆಚ್ಚು ಕಷ್ಟ. ನಮ್ಮವಳು ತಾನಾಗಿ ಮೊದಲು ಕೈಹಾಕಿದ್ದು ಅಕ್ಕಿರೊಟ್ಟಿಯ ಗರಿಗರಿ ಅಂಚಿಗೆ. ಮುರಿದಳು, ಮೂಸಿದಳು, ನೆಲಕ್ಕೆ ಹಾಕಿದಳು. ತಿನ್ನಲಿಲ್ಲ. ಅದೂ ಲೆಕ್ಕಕ್ಕೆ ಬರುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ನಮ್ಮ ಪಾಲು. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು, ಅದು ಅವಳ ಪಾಲು. ಸೊರಗಿದ ಮಗುವಿನ ಎದುರು ಕೂತು, ತಟ್ಟೆ ಕಡೆ ಕಣ್ಣು ಹಾಯಿಸದೆ ಮೆಣಸಿನ ರೇಟಿನ ಮಾತಾಡಿ ನೋಡಿ, ಇದೆಷ್ಟು ಕಷ್ಟ ಎಂದು ಆಗ ಗೊತ್ತಾಗುತ್ತದೆ.

2019ರಲ್ಲಿ ತಜ್ಞರು ಮಕ್ಕಳ ಈ ಊಟದ ತೊಂದರೆಗೆ ಒಂದು ವ್ಯಾಖ್ಯೆ ಕೊಟ್ಟರು. ದೇಹದ ಕಾಯಿಲೆ, ಪೌಷ್ಟಿಕತೆ, ತಿನ್ನುವ ಕೌಶಲ, ಮನಸ್ಸು-ಮನೆಯ ವಾತಾವರಣ, ಈ ನಾಲ್ಕೂ ಅದರಲ್ಲಿವೆ. ನಮ್ಮಲ್ಲಿ ಇನ್ನೂ ತೂಕದ ಮಾತೊಂದೇ.

ಗುಣವಾಯಿತೇ ಎಂದರೆ ಯಜಮಾನರದೂ ನನ್ನದೂ ಉತ್ತರ ಬೇರೆ. ಶಾಲೆಯ ಬಿಸಿಯೂಟ ತಿನ್ನುತ್ತಾಳೆ, ಕಡುಬು ಕೇಳಿ ಹಾಕಿಸಿಕೊಳ್ಳುತ್ತಾಳೆ, ಇನ್ನೇನು ಬೇಕು ಎನ್ನುತ್ತಾರೆ ಅವರು. ನಾನು ನೋಡುವುದು ಜ್ವರ ಬಂದಾಗ. ಮೈ ಬಿಸಿಯಾದರೆ ಸಾಕು, ಮತ್ತೆ ತುಟಿ ಬಿಗಿ, ಮತ್ತೆ ಬರೀ ರೊಟ್ಟಿಯ ಅಂಚು. ಹಾದಿಗೆ ಬರಲು ವಾರಗಟ್ಟಲೆ ಬೇಕು. ಮೊದಲಿನ ಹಾಗೆ ಗಾಬರಿಯಾಗುವುದಿಲ್ಲ, ಅಷ್ಟೆ.

ಮಗಳಿಗೆ ಈಗ ಐದನೇ ಕ್ಲಾಸು. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪರೀಕ್ಷೆ ಬರೆಸಬೇಕೆಂದು ಯಜಮಾನರ ಹಟ. ಹಾಸ್ಟೆಲ್ ಊಟ ನೆನೆದರೆ ನನಗೆ ಅಳುಕು. ಆದರೂ ಅರ್ಜಿ ಹಾಕಿದ್ದೇವೆ. ಸೀಟು ಸಿಕ್ಕರೆ ಮೇಷ್ಟ್ರಿಗಿಂತ ಮೊದಲು ಅಡುಗೆಯವರನ್ನು ಕಾಣಬೇಕು: "ತಿನ್ನು ತಿನ್ನು ಅನ್ನಬೇಡಿ ಅಣ್ಣ, ಬಡಿಸಿ ಅತ್ತ ಹೋಗಿಬಿಡಿ."