ಶಾಕ್ ಅಬ್ಸಾರ್ಬರ್ ಹೀರುವುದೇನನ್ನು? – ಒಂದು ಪಾಠ, ಒಂದು ತಿದ್ದುಪಡಿ

ತರಗತಿ 9, ಘಟಕ ‘ಕೆಲಸ ಮತ್ತು ಶಕ್ತಿ’, ಉಪಘಟಕ ಶಕ್ತಿಯ ರೂಪಾಂತರ. ಅಭ್ಯಾಸ ಬೋಧನೆಯ ಮೂರನೆಯ ವಾರ ನಾನು ಮಾಡಿದ ಈ ಪಾಠಕ್ಕೆ 40 ನಿಮಿಷದ ಒಂದು ಅವಧಿ ಸಾಕೆಂದು ಯೋಜನೆಯಲ್ಲಿ ಬರೆದಿದ್ದೆ. ಎರಡು ಅವಧಿ ಹಿಡಿಯಿತು. ಎರಡನೆಯದು ಮೊದಲನೆಯದರಲ್ಲಿ ನಾನೇ ಹೇಳಿದ ತಪ್ಪನ್ನು ತಿದ್ದಲು ಬೇಕಾಯಿತು.

ತೊಡಗಿಕೊಳ್ಳುವಿಕೆಯ ಹಂತಕ್ಕೆ ಆರಿಸಿಕೊಂಡಿದ್ದ ಉದಾಹರಣೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್. ‘ಗುಂಡಿಗೆ ಬಿದ್ದಾಗ ಏಟನ್ನು ಇದು ಹೀರಿಕೊಳ್ಳುತ್ತದೆ’ ಎಂದೆ. ಮಕ್ಕಳು ಬರೆದುಕೊಂಡರು. ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದ. ಅವನ ನೋಟ್‌ಬುಕ್ ರಟ್ಟಿನ ಮೇಲೆ ಮಾಜ್ಡಾ ಎಂಎಕ್ಸ್-5 ಚಿತ್ರವಿದೆ: 1989ರಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. ದುಬೈನಲ್ಲಿರುವ ಅವನ ಸೋದರಮಾವ ಹಳೆಯದೊಂದನ್ನು ಕೊಂಡಿದ್ದಾರಂತೆ. ‘ಮಿಸ್, ಅದರಲ್ಲಿ ಕೂತ್ರೆ ಬೆನ್ನು ನೋಯುತ್ತಂತೆ. ಶಾಕ್ ಬದಲಾಯಿಸ್ತಾರಂತೆ. ಮೆತ್ತಗಿರೋದು ಹಾಕಿಸಿದ್ರೆ ಸರಿ ಹೋಗುತ್ತಾ?’

‘ಹೂಂ, ಹೋಗುತ್ತೆ’ ಎಂದೆ. ಯೋಚಿಸಲಿಲ್ಲ. ಗಡಿಯಾರ ನೋಡುತ್ತಿದ್ದೆ.

ಎರಡನೆಯ ಸಾಲಿನ ಒಬ್ಬ ಹುಡುಗಿ ಕೈಯೆತ್ತದೆಯೇ ಹೇಳಿಬಿಟ್ಟಳು: ‘ಇಲ್ಲ ಮಿಸ್, ಶಾಕ್ ಮೆತ್ತಗಾದ್ರೆ ಗಾಡಿ ಜಿಗಿಯುತ್ತೆ. ನಮ್ಮಪ್ಪ ಆಯಿಲ್ ಸೋರಿರೋ ಗಾಡೀನ ಒತ್ತಿ ಬಿಟ್ಟು ತೋರಿಸ್ತಾರೆ, ಕುಣೀತಾನೇ ಇರುತ್ತೆ.’ ಅವಳ ತಂದೆ ದ್ವಿಚಕ್ರ ವಾಹನ ರಿಪೇರಿ ಮಾಡುವವರು. ಗಂಟೆ ಹೊಡೆಯಿತು.

ಹಾಸ್ಟೆಲಿಗೆ ಬಂದು ಕೂತಾಗ ತಿಳಿಯಿತು, ಅವಳ ಮಾತು ಸರಿ, ನನ್ನದು ತಪ್ಪು. ತಪ್ಪಿನ ಮೂಲ ಹೆಸರಿನಲ್ಲೇ ಇದೆ. ಗುಂಡಿಯ ಏಟನ್ನು ಮೊದಲು ತೆಗೆದುಕೊಳ್ಳುವುದು ಟೈರು, ಆಮೇಲೆ ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗಿನಲ್ಲಿ ಪ್ರಚ್ಛನ್ನ ಶಕ್ತಿ ಕೂಡಿಕೊಳ್ಳುತ್ತದೆ. ಅದು ಅಲ್ಲೇ ನಿಲ್ಲದು. ಚಲನ ಶಕ್ತಿಯಾಗಿ ಮರಳುತ್ತದೆ, ಗಾಡಿ ಏಳುತ್ತದೆ, ಮತ್ತೆ ಇಳಿಯುತ್ತದೆ. ಕೊಳವೆಯೊಳಗಿನ ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನೂಕಿಸಿ, ಈ ಕುಣಿತದ ಶಕ್ತಿಯನ್ನು ಶಾಖವಾಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದು ಹೀರುವುದು ಏಟನ್ನಲ್ಲ, ಏಟಿನ ನಂತರದ ಆಂದೋಲನವನ್ನು. ಬೈಕಿನಲ್ಲಿ ಸ್ಪ್ರಿಂಗು ಕೊಳವೆಯ ಸುತ್ತಲೇ ಇರುವುದರಿಂದ ಎರಡೂ ಒಂದೇ ವಸ್ತುವೆಂದು ಮಕ್ಕಳಿಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಬಿಎಸ್ಸಿಯಲ್ಲಿ ಅವಮಂದಿತ ಆಂದೋಲನದ ಸಮೀಕರಣ ಬಿಡಿಸಿ ಅಂಕ ಪಡೆದಿದ್ದರೂ.

ಆ ರಾತ್ರಿ ನನಗಾಗಿಯೇ ಒಂದು ಲೆಕ್ಕ ಹಾಕಿಕೊಂಡೆ. ಇದನ್ನು ತರಗತಿಗೆ ಒಯ್ಯಲಿಲ್ಲ, ಆದರೆ ಸಹಪಾಠಿಗಳಿಗೆ ಉಪಯೋಗವಾದೀತು. ಸುಲಭವಾಗಲೆಂದು ಕಾರಿನ ತೂಕ 1000 ಕೆಜಿ, ಒಂದು ಚಕ್ರದ ಪಾಲು 250 ಕೆಜಿ, ಸ್ಪ್ರಿಂಗಿನ ಬಿಗುವು ಮಿಲಿಮೀಟರಿಗೆ 25 ನ್ಯೂಟನ್ ಎಂದಿಟ್ಟುಕೊಂಡೆ. ಆಗ ಕಾರಿನ ಸಹಜ ಆವೃತ್ತಿ ಸೆಕೆಂಡಿಗೆ ಸುಮಾರು 1.6 ಕಂಪನ. ಒಂದೂ ಕುಣಿತವಿಲ್ಲದೆ ನಿಲ್ಲಿಸಲು ಬೇಕಾದ ಕ್ರಾಂತಿಕ ಅವಮಂದನ ಮೀಟರ್/ಸೆಕೆಂಡ್ ವೇಗಕ್ಕೆ 5000 ನ್ಯೂಟನ್. ಅಷ್ಟನ್ನು ಯಾರೂ ಹಾಕುವುದಿಲ್ಲ, ಅದರ ಶೇ. 30 ಎಂದರೆ 1500. ಕಾರು ತಿರುವಿನಲ್ಲಿ ಮೆಲ್ಲಗೆ ವಾಲುವಾಗ ಪಿಸ್ಟನ್ ವೇಗ ಸೆಕೆಂಡಿಗೆ 0.1 ಮೀಟರ್ ಇದ್ದರೆ ಬಲ 150 ನ್ಯೂಟನ್. ಗುಂಡಿಯ ಅಂಚಿಗೆ ಬಡಿದು ವೇಗ 1 ಮೀಟರ್ ಆದರೆ 1500 ನ್ಯೂಟನ್, ನೇರ ಬೆನ್ನಿಗೆ! ಬರಿಯ ರಂಧ್ರವಾದರೆ ಇನ್ನೂ ಕೆಟ್ಟದು, ಏಕೆಂದರೆ ಅಲ್ಲಿ ವೇಗ ಇಮ್ಮಡಿಯಾದರೆ ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಪಿಸ್ಟನ್ನಿನ ಮೇಲೆ ತೆಳು ಉಕ್ಕಿನ ಬಿಲ್ಲೆಗಳಿರುತ್ತವೆ. ಒತ್ತಡ ಮಿತಿಮೀರಿದಾಗ ಅವು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ಆರಾಮ ಕೊಡುವ ಶಾಕ್ ಎಂದರೆ ಎಲ್ಲ ವೇಗದಲ್ಲೂ ಮೆತ್ತಗಿರುವುದಲ್ಲ. ನಿಧಾನದ ಚಲನೆಗೆ ಬಿಗಿಯಾಗಿದ್ದು, ಹಠಾತ್ ಏಟಿಗೆ ಸಡಿಲವಾಗುವುದು.

ಮರುದಿನ ಮೊದಲ ಮಾತಾಗಿಯೇ ಹೇಳಿದೆ: ‘ನಿನ್ನೆ ನಾನು ಕೊಟ್ಟ ಉತ್ತರ ತಪ್ಪು. ನೋಟ್ಸಿನಲ್ಲಿ ಆ ಸಾಲು ಹೊಡೆದುಹಾಕಿ.’ ಹೀಗೆ ಹೇಳಿದರೆ ತರಗತಿ ಕೈತಪ್ಪುತ್ತದೆ ಎಂದು ಗೆಳತಿಯೊಬ್ಬಳು ಹೆದರಿಸಿದ್ದಳು. ಹಾಗೇನೂ ಆಗಲಿಲ್ಲ. ‘ಹಂಗಾದ್ರೆ ಸರಿಯಾದ್ದು ಯಾವುದು ಮಿಸ್?’ ಎಂದರು, ಅಷ್ಟೆ.

ಮೊದಲ ಚಟುವಟಿಕೆ, ಸ್ಪ್ರಿಂಗಿಗೆ ತೂಗುಹಾಕಿದ ತೂಕದ ಬಟ್ಟು. ಗಾಳಿಯಲ್ಲಿ ಎಷ್ಟು ಸಲ ಕುಣಿಯುತ್ತದೆ, ಬಕೆಟ್ ನೀರಿನಲ್ಲಿ ಎಷ್ಟು ಸಲ ಎಂದು ಎಣಿಸುವುದು. ಬರೀ ಬಟ್ಟನ್ನು ನೀರಿಗೆ ಇಳಿಸಿದರೆ ವ್ಯತ್ಯಾಸ ಎದ್ದು ಕಾಣದು. ಹಿಂದಿನ ರಾತ್ರಿ ಮಾಡಿ ನೋಡಿದ್ದಕ್ಕೆ ಬಚಾವಾದೆ. ಬಟ್ಟಿನ ಅಡಿಗೆ ಡಬ್ಬಿಯ ಮುಚ್ಚಳ ಕಟ್ಟಿದರೆ ಬೇಗ ನಿಲ್ಲುತ್ತದೆ. ‘ಸ್ಪ್ರಿಂಗ್ ಬದಲಾಯಿತಾ?’ ಎಂದು ಕೇಳಿದೆ. ಇಲ್ಲ ಎಂದರು. ‘ಶಕ್ತಿ ಎಲ್ಲಿ ಹೋಯಿತು?’ ಸ್ವಲ್ಪ ಹೊತ್ತು ಮೌನ, ಆಮೇಲೆ ‘ನೀರಿಗೆ’, ‘ಬಿಸಿಯಾಗಿ’ ಎಂದು ಎರಡು ದನಿ.

ಎರಡನೆಯದು ಸೂಜಿಯಿಲ್ಲದ 10 ಮಿಲಿ ಸಿರಿಂಜು. ನೀರು ತುಂಬಿ ನಿಧಾನವಾಗಿ ಒತ್ತಿದರೆ ಸಲೀಸು, ರಭಸದಿಂದ ಒತ್ತಿದರೆ ಎದುರು ನೂಕುತ್ತದೆ. ಪ್ರತಿ ಗುಂಪಿಗೂ ಒಂದೊಂದು ಕೊಟ್ಟೆ. ನೆಲ ಒದ್ದೆಯಾಯಿತು, ಮೂವರ ಅಂಗಿಯೂ. ಬಲ ವೇಗವನ್ನು ಅವಲಂಬಿಸುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ವಿಸ್ತರಣೆಯ ಹಂತದಲ್ಲಿ ಸೋದರಮಾವನಿಗೆ ಏನು ಹೇಳಬೇಕೆಂದು ಎಲ್ಲರೂ ಸೇರಿ ಬರೆದೆವು. ಮೊದಲು ಟೈರಿನ ಗಾಳಿ ನೋಡಲಿ. ಆಮೇಲೆ, ಹಿಂದಿನ ಮಾಲೀಕರು ಕಾರನ್ನು ತಗ್ಗಿಸಲು ಗಿಡ್ಡ ಸ್ಪ್ರಿಂಗು ಹಾಕಿಸಿದ್ದಾರೆಯೇ ನೋಡಲಿ. ಎಂಎಕ್ಸ್-5ರಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ; ತಗ್ಗಿಸಿದರೆ ಪ್ರತಿ ಉಬ್ಬಿಗೂ ತುದಿಯ ರಬ್ಬರ್ ತಡೆಗೆ ಬಡಿಯುತ್ತದೆ. ಆಗ ಎಷ್ಟು ದುಬಾರಿ ಶಾಕ್ ಹಾಕಿಸಿದರೂ ಬೆನ್ನುನೋವು ತಪ್ಪದು. ಸ್ಪ್ರಿಂಗ್ ಮೂಲದ್ದೇ ಆಗಿದ್ದರೆ ಅದೇ ಬಿಗುವಿಗೆ ಹೊಂದುವ ಶಾಕ್ ಕೇಳಲಿ. ರೇಸಿನ ಗಟ್ಟಿ ಸ್ಪ್ರಿಂಗಿಗೆಂದು ಮಾಡಿದ್ದು ಬೇಡ. ಜರ್ಮನಿಯ ಬಿಲ್‌ಸ್ಟೈನ್ ಆದರೆ ಒಂದೇ ಕೊಳವೆಯೊಳಗೆ ಎಣ್ಣೆಯ ಜೊತೆ ಒತ್ತಡದ ಅನಿಲವಿರುವ ಬಗೆ. ಬಿಗುವು ತಯಾರಕರು ಇಟ್ಟಷ್ಟೇ. ನೆದರ್ಲೆಂಡ್ಸ್ ಮೂಲದ ಕೋನಿ ಕಂಪನಿಯ ಹಳದಿ ಬಣ್ಣದ ‘ಸ್ಪೋರ್ಟ್’ ಶಾಕ್ ಆದರೆ ಹಿಗ್ಗುವಾಗಿನ ಬಿಗುವನ್ನು ತಿರುಗಿಸಿ ಹೊಂದಿಸಬಹುದು, ಕುಗ್ಗುವಾಗಿನದನ್ನಲ್ಲ.

ಇಲ್ಲಿ ಆ ಮೆಕ್ಯಾನಿಕ್‌ನ ಮಗಳು ಮತ್ತೆ ತಡೆದಳು. ‘ಹಿಗ್ಗೋವಾಗ ಬಿಗಿಯಾದ್ರೆ ಬೆನ್ನಿಗೇನು ಮಿಸ್?’ ಒಳ್ಳೆಯ ಪ್ರಶ್ನೆ. ಅತಿಯಾಗಿ ಬಿಗಿ ಮಾಡಿದರೆ ಒಂದು ಉಬ್ಬಿನಿಂದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಸಾಲು ಉಬ್ಬುಗಳಲ್ಲಿ ಕಾರು ಕುಸಿಯುತ್ತಾ ಹೋಗಿ ಅದೇ ರಬ್ಬರ್ ತಡೆಯ ಮೇಲೆ ಕೂರುತ್ತದೆ. ಆದ್ದರಿಂದ ಅತ್ಯಂತ ಸಡಿಲದಿಂದ ಆರಂಭಿಸಿ, ತೇಲಾಟ ನಿಲ್ಲುವಷ್ಟು ಮಾತ್ರ ಬಿಗಿ ಮಾಡಲಿ ಎಂದು ಕೊನೆಯ ಸಾಲು ಬರೆದೆವು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಬರೆದದ್ದು: ‘ಉದಾಹರಣೆಯು ಪಾಠವನ್ನು ಆವರಿಸಿದೆ. ಮೌಲ್ಯಮಾಪನಕ್ಕೆ ಸಮಯ ಉಳಿದಿಲ್ಲ.’ ಎರಡನೆಯ ವಾಕ್ಯವನ್ನು ಒಪ್ಪುತ್ತೇನೆ. ಮೂರೇ ನಿಮಿಷ ಉಳಿದಿತ್ತು. ಮೊದಲನೆಯದನ್ನು ಅರ್ಧ ಮಾತ್ರ. ಕಾರಿನ ಬ್ರಾಂಡುಗಳ ಭಾಗವನ್ನು ಬಿಡಬಹುದಿತ್ತು, ನಿಜ. ಆದರೆ ಸ್ಪ್ರಿಂಗು ಶಕ್ತಿಯನ್ನು ಕೂಡಿಡುತ್ತದೆ, ಶಾಕ್ ಅದನ್ನು ಶಾಖವಾಗಿಸುತ್ತದೆ ಎಂಬ ಭೇದ ಈ ಘಟಕದ ಹೊರಗಿನದಲ್ಲ.

ಉಳಿದ ಮೂರು ನಿಮಿಷದಲ್ಲಿ ಒಂದೇ ಪ್ರಶ್ನೆ ಕೊಟ್ಟೆ: ‘ಎಣ್ಣೆಯೆಲ್ಲ ಸೋರಿಹೋದ ಶಾಕ್ ಇರುವ ಬೈಕು ಗುಂಡಿಗೆ ಬಿದ್ದರೆ ಏನಾಗುತ್ತದೆ, ಏಕೆ?’ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಕುಣಿಯುತ್ತಲೇ ಇರುತ್ತದೆ’ ಎಂದು ಬರೆದಿದ್ದರು. ‘ಏಕೆ’ ಎಂಬುದಕ್ಕೆ ಶಕ್ತಿಯ ಮಾತು ತಂದವರು ಅದಕ್ಕಿಂತ ಕಡಿಮೆ. ಇನ್ನು ಕೆಲವರು ‘ಏಟು ಹೀರುವುದಿಲ್ಲ’ ಎಂದೇ ಬರೆದಿದ್ದಾರೆ. ಹೊಡೆದುಹಾಕಿಸಿದ ಸಾಲು ತಲೆಯಿಂದ ಹೋಗಿಲ್ಲ. ಆ ಮಕ್ಕಳಿಗೆ ಸಿರಿಂಜನ್ನು ಒಮ್ಮೆ ನೀರು ತುಂಬಿ, ಒಮ್ಮೆ ಖಾಲಿಯಾಗಿ ಒತ್ತಿಸಬೇಕು. ಸೋಮವಾರದ ಪರಿಹಾರ ಬೋಧನೆಗೆ ಅದನ್ನೇ ಇಟ್ಟುಕೊಂಡಿದ್ದೇನೆ.